ಶರಾವತಿಯ ಮೂಲದವರೆಗೆ

ಪ್ರವಾಸದ ವೃತ್ತಾಂತವೆಂದರೆ ಕಾಶಿ, ರಾಮೇಶ್ವರ, ಬದರಿಗಳಂತಹ ದೂರದ ಸ್ಥಳಗಳದ್ದಾಗಿರಬೇಕೆಂದು ವಾಚಕರು ಬಯಸುವುದು ಸಹಜ. ಸಾಗರದಿಂದ ಹೊರಟು ಹೊಸನಗರದ ಮಾರ್ಗವಾಗಿ ತೀರ್ಥಹಳ್ಳಿಯನ್ನು ಸೇರಿದೆವೆಂದು ನಾವು ಬರೆದರೆ, ಇದೂ ಒಂದು ಪ್ರವಾಸವೇ ಎಂದು ನಮ್ಮ ಮಲೆನಾಡಿನ ಮಿತ್ರರು ನಕ್ಕಾರು. ಬೆಳಗ್ಗೆ ತಿಂಡಿ ತಿಂದು ಹೊರಟವರು ಮಧ್ಯಾಹ್ನದ ಊಟಕ್ಕೆ ಮುಟ್ಟಬಹುದಾದ ದಾರಿಯದು. ಆದರೂ ಕಳೆದ ವೈಶಾಖಮಾಸದಲ್ಲಿ ನಾವು ಆ ದಾರಿಗೆ ಮೂರು ದಿನಗಳನ್ನು ಕೊಟ್ಟೆವು. ಸಂಗಡ ಇದ್ದವರು ನಮ್ಮ ಅಣ್ಣನವರು ಮತ್ತು ಅತ್ತಿಗೆಯವರು. ನಮ್ಮ ಕೈಚೀಲದಲ್ಲಿ ಇದ್ದುದು ಅಣ್ಣನವರ ರುಜುವಿಗಾಗಿ ಕಾದಿದ್ದ ಒಂದು ಕರಾರುಪತ್ರ. ಆ ಪತ್ರದ ವಿಷಯವನ್ನು ಹೇಳಬೇಕಾದರೆ ಮೊದಲು ಮನೆಯ ಸಂಗತಿಯನ್ನು ನಾಲ್ಕು ಮಾತಿನಲ್ಲಿ ಹೇಳಬೇಕು.

ನಾವು ಸಾಗರದ ಸೀಮೆಯವರೆಂದು ಹೇಳಿಕೊಳ್ಳುತ್ತೇವಾದರೂ ನಮ್ಮ ಮೂಲಮನೆಯು ಹೊಸನಗರದ ತಾಲ್ಲೂಕಿನಲ್ಲಿ, ಶರಾವತಿಯ ದಡದ ಮೇಲೆ ಇದ್ದಿತು. ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ನೀರು ನಿಂತಾಗ ಆ ಮನೆ, ತೋಟ, ಗದ್ದೆ, ಹೊಳೆಯಂಚಿನ ಅಪ್ಪೆಮಿಡಿಯ ಮರ ಎಲ್ಲವೂ ಮುಳುಗಿಹೋದುವು. ನಾವು ಹುಟ್ಟಿದ್ದೂ ಅದೇ ವರ್ಷ. ತಾಯಿಯವರು ನಮ್ಮನ್ನು ಮಡಿಲಲ್ಲಿಟ್ಟುಕೊಂಡು ಎತ್ತಿನ ಗಾಡಿಯಲ್ಲಿ ಸಾಗರದ ಕಡೆಗೆ ಬಂದರಂತೆ. ಹನ್ನೆರಡು ವರ್ಷದ ಅಣ್ಣನವರು ದನಗಳನ್ನು ಹೊಡೆದುಕೊಂಡು ಗಾಡಿಯ ಹಿಂದೆ ನಡೆದುಬಂದರಂತೆ. ತಂದೆಯವರು ಪರಿಹಾರದ ಹಣದಲ್ಲಿ ಒಂದು ಕಣಿವೆಯನ್ನೂ ಅದರ ಮೇಲಿನ ಬ್ಯಾಣವನ್ನೂ ಕೊಂಡು ಹೊಸದಾಗಿ ಅಡಿಕೆಯ ಸಸಿಗಳನ್ನು ನೆಟ್ಟರು. ಅಡಿಕೆಯ ಮರವು ಫಲ ಕೊಡಬೇಕಾದರೆ ಏಳೆಂಟು ವರ್ಷಗಳು ಬೇಕು. ಸಂಸಾರದ ಹೊಟ್ಟೆಯು ಏಳೆಂಟು ವರ್ಷ ಕಾಯುವುದಿಲ್ಲ. ಸಾಲವು ಬೆಳೆಯಿತು. ಅಣ್ಣನವರು ಕೋಲಾರದ ಚಿನ್ನದ ಗಣಿಯ ಊರಿಗೆ ಹೋಗಿ, ಅಲ್ಲಿಯ ಗಣಿವಿದ್ಯೆಯ ಶಾಲೆಯಲ್ಲಿ ಕಲಿತು, ೧೯೭೪ರಲ್ಲಿ ಗಣಿಯ ಅಳತೆಯ ಶಾಖೆಯಲ್ಲಿ ಕೆಲಸಕ್ಕೆ ಸೇರಿದರು. ಅಂದಿನಿಂದ ತಿಂಗಳು ತಿಂಗಳೂ ಮನಿಯಾರ್ಡರು ಬರುತ್ತಿತ್ತು. ಆ ಹಣದಿಂದಲೇ ಸಾಲ ತೀರಿತು. ಆ ಹಣದಿಂದಲೇ ನಾವು ಮೈಸೂರಿನ ಮಹಾರಾಜ ಸಂಸ್ಕೃತ ಪಾಠಶಾಲೆಯಲ್ಲಿ ವ್ಯಾಕರಣವನ್ನೂ ಕಾವ್ಯವನ್ನೂ ಓದಿದೆವು. ಇದು ನಮಗೆ ತಿಳಿಯದ ಸಂಗತಿಯಾಗಿರಲಿಲ್ಲ. ತಿಳಿದಿದ್ದೂ ನಾವು ೧೯೮೬ರ ಆಷಾಢದಲ್ಲಿ ಒಂದು ಮಾತನ್ನು ಆಡಿದೆವು.

ಆ ಆಷಾಢದಲ್ಲಿ ತಂದೆಯವರು ತೀರಿಕೊಂಡರು. ತಂತಿ ಹೋಯಿತು. ಆದರೆ ಮಳೆ ಹಿಡಿದು, ಮರಗಳು ಬಿದ್ದು, ಹಳ್ಳಗಳು ಉಕ್ಕಿ ದಾರಿಗಳು ಮುಚ್ಚಿದ್ದುವು. ಅಣ್ಣನವರು ಮನೆಯ ಬಾಗಿಲಿಗೆ ಬಂದು ನಿಂತಾಗ ಐದನೆಯ ದಿನ. ಜ್ಯೇಷ್ಠಪುತ್ರನು ಮಾಡಬೇಕಾದ ದಹನವನ್ನೂ ಅಸ್ಥಿಸಂಚಯನವನ್ನೂ ಇಪ್ಪತ್ತೆರಡು ವರ್ಷದ ನಾವು ಮಾಡಿ ಮುಗಿಸಿದ್ದೆವು. ತೊಯ್ದು ತೊಪ್ಪೆಯಾಗಿ ನಿಂತಿದ್ದ ಅವರನ್ನು ಕಂಡು, ನೆಂಟರಿಷ್ಟರ ಎದುರಿನಲ್ಲೇ, “ಚಿನ್ನ ಅಗೆಯುವವರಿಗೆ ಅಪ್ಪನ ಬೂದಿಯಿಂದ ಏನಾಗಬೇಕು?” ಎಂದುಬಿಟ್ಟೆವು. ಅಣ್ಣನವರು ಉತ್ತರ ಕೊಡಲಿಲ್ಲ. ಉಳಿದ ಕರ್ಮಗಳನ್ನು ಮುಗಿಸಿ ಹೊರಟುಹೋದರು. ಮನಿಯಾರ್ಡರು ಮಾತ್ರ ಎಂದಿನಂತೆ ಬಂದಿತು. ಆ ಮೇಲೆ ಮದುವೆ ಮುಂಜಿಗಳಿಗೆ ಬರುವುದು ಹೋಗುವುದು ಇದ್ದೇ ಇತ್ತು. ಆದರೆ ಆ ಮಾತನ್ನು ಅವರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ೨೦೦೧ನೆಯ ಇಸವಿ ಫೆಬ್ರವರಿ ೨೮ರಂದು ಗಣಿಯು ಮುಚ್ಚಿತು. ಅಣ್ಣನವರು ಅತ್ತಿಗೆಯವರ ತವರಾದ ತೀರ್ಥಹಳ್ಳಿಯ ಸಮೀಪದಲ್ಲಿ ಒಂದು ಸಣ್ಣ ಮನೆಯನ್ನು ಮಾಡಿಕೊಂಡು ನೆಲಸಿದರು.

ಇನ್ನು ಆ ಕರಾರುಪತ್ರದ ವಿಷಯ. ಈಚಿನ ವರ್ಷಗಳಲ್ಲಿ ನಮ್ಮ ಮೂರು ತಾಲ್ಲೂಕುಗಳ ಅಡಿಕೆಯ ತೋಟಗಳಿಗೂ ಎಲೆಚುಕ್ಕಿ ರೋಗವು ಹಬ್ಬಿದೆ. ಕೊಳೆರೋಗಕ್ಕೆ ಔಷಧಿ ಹೊಡೆದು ಬದುಕುವುದನ್ನು ನಮ್ಮ ಹಿರಿಯರು ಕಲಿತಿದ್ದರು. ಈ ಹೊಸ ರೋಗಕ್ಕೆ ಗರಿಗಳೇ ಒಣಗುತ್ತವೆ. ತೋಟವನ್ನು ನೋಡಿಕೊಳ್ಳುವ ನಮ್ಮ ಮಗನು ಎರಡು ವರ್ಷ ಫಸಲನ್ನು ಕಳೆದುಕೊಂಡು ಸಾಲಕ್ಕೆ ಬಿದ್ದನು. ಆಗ ಒಬ್ಬ ಕಂಟ್ರಾಕ್ಟರರು ಬಂದರು. ಬ್ಯಾಣದಲ್ಲಿ ಮೊಳದಷ್ಟು ಮಣ್ಣು ತೆಗೆದರೆ ಕೆಳಗೆಲ್ಲ ಜಂಬಿಟ್ಟಿಗೆಯ ಕಲ್ಲು. ಅದನ್ನು ಯಂತ್ರದಿಂದ ಕೊಯ್ದು ಸಾಗಿಸಲು ಐದು ವರ್ಷಗಳಿಗೆ ಜಾಗವನ್ನು ಕೊಟ್ಟರೆ, ಸರಕಾರದ ಪರವಾನಗಿಯ ಕೆಲಸವನ್ನೆಲ್ಲ ತಾವೇ ನೋಡಿಕೊಂಡು, ಮಗನ ಸಾಲ ತೀರಿ ಇನ್ನೂ ಉಳಿಯುವಷ್ಟು ಹಣವನ್ನು ಕೊಡುವೆವೆಂದರು. ಮಗನು ಒಪ್ಪಿದನು. ನಾವೂ ಮನಸ್ಸಿನಲ್ಲಿ ಒಪ್ಪಿಯೇ ಇದ್ದೆವು. ಆದರೆ ಖಾತೆಯು ಅಣ್ಣತಮ್ಮಂದಿರಿಬ್ಬರ ಹೆಸರಿನಲ್ಲಿರುವುದರಿಂದ ಅಣ್ಣನವರ ರುಜು ಬೇಕಾಯಿತು. ಗಣಿಯಲ್ಲಿಯೇ ಇಪ್ಪತ್ತೇಳು ವರ್ಷ ಕಳೆದವರು ಕಲ್ಲು ಕೀಳುವುದಕ್ಕೆ ಬೇಡವೆನ್ನುವರೇ ಎಂದುಕೊಂಡು ಅವರನ್ನು ಸಾಗರಕ್ಕೆ ಕರೆಯಿಸಿಕೊಂಡೆವು.

ಬಂದ ಮರುದಿನ ಬೆಳಗ್ಗೆ ಅಣ್ಣನವರು ಊರುಗೋಲನ್ನು ಹಿಡಿದು ಬ್ಯಾಣವನ್ನು ಹತ್ತಿದರು. ಎಪ್ಪತ್ತು ದಾಟಿದ ಅವರು ಕಲ್ಲಿನ ಮೇಲೆ ಕೋಲನ್ನು ಕುಟ್ಟಿ ಕುಟ್ಟಿ ಕಿವಿಗೊಟ್ಟು ಕೇಳುತ್ತ ಒಂದು ಸುತ್ತು ಬಂದರು. ಆಮೇಲೆ ತೋಟದ ತಲೆಗೆ ಇಳಿದು, ಅಬ್ಬಿಯ ನೀರು ದಂಬೆಯಿಂದ ಬೀಳುವಲ್ಲಿ ಬೊಗಸೆಯೊಡ್ಡಿ ಬಹಳ ಹೊತ್ತು ನಿಂತರು. “ವೈಶಾಖದಲ್ಲೂ ನೀರು ಇಷ್ಟು ಇದೆಯೇ?” ಎಂದು ಕೇಳಿದರು. ಇದೆಯೆಂದೆವು. “ಕಾಗದ ನಿನ್ನ ಚೀಲದಲ್ಲೇ ಇರಲಿ ಮಾಣಿ. ನಮ್ಮನ್ನು ಮನೆಗೆ ಮುಟ್ಟಿಸಲು ಹೇಗೂ ಬರುತ್ತೀಯಲ್ಲ, ಮೂಲಮನೆಯ ದಾರಿಯಾಗಿ ಹೋಗೋಣ” ಎಂದರು. ಅರುವತ್ತು ಕಳೆದು ನಿವೃತ್ತರಾದ ನಮ್ಮನ್ನು ಅವರು ಇಂದಿಗೂ ಮಾಣಿ ಎಂದೇ ಕರೆಯುವುದು.

ಸಾಗರದಿಂದ ಹೊರಟ ದಿನ ಮೊದಲು ಹಿನ್ನೀರಿನ ದಡಕ್ಕೆ ಹೋದೆವು. ಲಿಂಗನಮಕ್ಕಿಯ ಜಲಾಶಯವು ತುಂಬಿದಾಗ ಸುಮಾರು ೩೦೦ ಚದರ ಕಿಲೋಮೀಟರುಗಳಷ್ಟು ನೆಲವನ್ನು ಮುಚ್ಚುತ್ತದೆ. ಇದಕ್ಕೂ ಮುಂಚೆ, ೧೯೪೮ರಲ್ಲಿ, ಮಡೆನೂರಿನ ಬಳಿ ಹಿರೇಭಾಸ್ಕರವೆಂಬ ಅಣೆಕಟ್ಟನ್ನು ಕಟ್ಟಿದ್ದರು. ಜೋಗದ ವಿದ್ಯುದಾಗಾರವು ಮೊದಲು ನಡೆದುದು ಅದರ ನೀರಿನಿಂದ. ದೊಡ್ಡ ಅಣೆಕಟ್ಟು ಬಂದಾಗ ಆ ಚಿಕ್ಕ ಅಣೆಕಟ್ಟೂ ಮುಳುಗಿತು. ನೀರು ಬಹಳ ಇಳಿದ ಬೇಸಗೆಗಳಲ್ಲಿ ಅದು ತಲೆಯೆತ್ತುತ್ತದೆ, ಜನರು ಜಾತ್ರೆಯಂತೆ ನೋಡಲು ಹೋಗುತ್ತಾರೆ. ಹಿನ್ನೀರಿನಾಚೆ ಸಿಕ್ಕಿಕೊಂಡ ತುಮರಿಯ ಕಡೆಯ ಹಳ್ಳಿಗಳವರು ಅರುವತ್ತು ವರ್ಷಗಳ ಕಾಲ ದೋಣಿಯನ್ನೂ ಲಾಂಚನ್ನೂ ನಂಬಿದ್ದರು. ಸಿಗಂದೂರಿಗೆ ಹೋಗುವ ದಾರಿಯಲ್ಲಿ ಸೇತುವೆಯು ಸಂಚಾರಕ್ಕೆ ತೆರೆದುದು ೨೦೨೫ರ ಜುಲೈ ತಿಂಗಳಲ್ಲಿ. ನಾಡಿಗೆಲ್ಲ ಬೆಳಕನ್ನು ಕೊಟ್ಟ ನೀರಿನ ದಡದವರು ಆಸ್ಪತ್ರೆಗೂ ಶಾಲೆಗೂ ಲಾಂಚಿನ ವೇಳೆಯನ್ನು ಕಾದದ್ದು ಹೀಗೆ ಎರಡು ತಲೆಮಾರು.

ಹೊಸನಗರದ ತಾಲ್ಲೂಕಿನ ಮೇಲುಭಾಗದಲ್ಲಿ ಬೇಸಗೆಗೆ ನೀರು ಬಲು ಬೇಗ ಹಿಂಜರಿಯುತ್ತದೆ. ನಮ್ಮ ಊರಿದ್ದ ಕಡೆ ಒಡಕು ಬಿಟ್ಟ ಕೆಸರಿನ ಬಯಲು, ಅದರಲ್ಲಿ ಕಪ್ಪಾದ ಮರದ ಬೊಡ್ಡೆಗಳು, ಎಲ್ಲಿಯೋ ಒಂದು ಒರಳುಕಲ್ಲು. ನಮಗೆ ಗುರುತು ಹಿಡಿಯಲು ಏನೂ ಇರಲಿಲ್ಲ. ಅಣ್ಣನವರು ಮಾತ್ರ, ಇಲ್ಲಿ ಅಂಗಳ, ಇಲ್ಲಿ ಕೊಟ್ಟಿಗೆ, ಇಲ್ಲಿ ಅಮ್ಮನ ತುಳಸಿಕಟ್ಟೆ ಎಂದು ಕೋಲಿನಿಂದ ಗೆರೆಯೆಳೆದು ತೋರಿಸಿದರು. ಬಳಿಕ ದಿಬ್ಬದ ಮೇಲೆ ಕುಳಿತು, ನಮಗೆ ತಿಳಿಯದಿದ್ದ ಒಂದು ಸಂಗತಿಯನ್ನು ಹೇಳಿದರು.

ಅಣೆಕಟ್ಟಿನ ಅಳತೆಯವರು ಊರಿಗೆ ಬಂದಾಗ ಅವರಿಗೆ ಎಂಟೊಂಬತ್ತು ವರ್ಷ. ಮೂರು ಕಾಲಿನ ಮೇಲೆ ದುರ್ಬೀನನ್ನು ನಿಲ್ಲಿಸಿ, ಎದುರು ದಿಬ್ಬದಲ್ಲಿ ಗೆರೆಗಳ ಕೋಲನ್ನು ಹಿಡಿಸಿ ನೋಡುತ್ತಿದ್ದ ಆ ಮಂದಿಯ ಹಿಂದೆ ಹುಡುಗರೆಲ್ಲ ಓಡಾಡುತ್ತಿದ್ದರಂತೆ. ಕೋಲು ಹಿಡಿಯಲು ಅಣ್ಣನವರನ್ನು ಕರೆದು ದಿನಕ್ಕೆ ನಾಲ್ಕಾಣೆ ಕೊಟ್ಟರಂತೆ. “ಈ ಮಟ್ಟದವರೆಗೆ ನೀರು ಬರುತ್ತದೆ, ೧೮೧೯ ಅಡಿ” ಎಂದು ಹೇಳಿ ಅವರು ಕಲ್ಲು ನೆಡುತ್ತ ಹೋದರು. “ಆ ಕಲ್ಲು ನಮ್ಮ ಮನೆಯ ಮಾಡಿಗಿಂತ ಎಷ್ಟೋ ಮೇಲೆ ಇತ್ತು. ನಾನು ಓಡಿ ಬಂದು ಅಪ್ಪನಿಗೆ ಹೇಳಿದೆ. ಅಪ್ಪ ನಂಬಲಿಲ್ಲ. ಹೊಳೆ ಇಷ್ಟು ಎತ್ತರ ಹತ್ತುವುದುಂಟೇ ಎಂದರು. ಅಳತೆಯವರು ಹೇಳಿದ್ದೇ ನಿಜವಾಯಿತು. ಆ ದುರ್ಬೀನಿನಲ್ಲಿ ಏನು ಕಾಣುತ್ತದೆ ಎಂದು ತಿಳಿಯಬೇಕು ಎಂದು ಆಗಲೇ ನಿಶ್ಚಯಿಸಿದೆ.” ಅಣ್ಣನವರು ಗಣಿಗೆ ಹೋದದ್ದು ಚಿನ್ನದ ಆಶೆಯಿಂದಲ್ಲ, ಸಾಲಕ್ಕಾಗಿ ಮಾತ್ರವೂ ಅಲ್ಲ ಎಂದು ನಮಗೆ ಆ ಕ್ಷಣದಲ್ಲಿ ತಿಳಿಯಿತು.

ತಂದೆಯವರ ಅಸ್ಥಿಯನ್ನು ನಾವು ಬಿಟ್ಟುದು ಇದೇ ನೀರಿನಲ್ಲಿ. ಮುಳುಗಿದ ಮನೆಯ ಮೇಲೆಯೇ ಬಿಡಬೇಕೆಂದು ಅವರು ಹೇಳಿಟ್ಟಿದ್ದರು. ಇಲ್ಲಿ ಹೇಳದಿದ್ದರೆ ಇನ್ನೆಲ್ಲಿಯೂ ಹೇಳಲಾರೆವೆಂದು ಧೈರ್ಯ ಮಾಡಿ, “ಅಣ್ಣಾ, ಆ ವರ್ಷ ನಾನು ನಿನಗೆ ಒಂದು ಮಾತು ಆಡಿದೆ” ಎಂದೆವು. ಅಣ್ಣನವರು ನೀರಿನ ಕಡೆಗೆ ನೋಡುತ್ತ, “ನೀನು ಏನು ಆಡಿದೆಯೋ ನೆನಪಿಲ್ಲ ಮಾಣಿ. ಆ ದಿನ ನಾನು ಚಳಿಯಲ್ಲಿ ನಡುಗುತ್ತಿದ್ದೆ. ನೀನೇ ಹೋಗಿ ಹಂಡೆಗೆ ಬೆಂಕಿ ಹಾಕಿ ಬಿಸಿನೀರು ಕಾಯಿಸಿ ಕೊಟ್ಟೆ. ಅದು ನೆನಪಿದೆ” ಎಂದರು. ಅತ್ತಿಗೆಯವರು ಸೆರಗನ್ನು ಸರಿಪಡಿಸಿಕೊಂಡು ಮುಖವನ್ನು ಅತ್ತ ತಿರುಗಿಸಿದರು. ನಾವು ಹೆಚ್ಚು ಕೇಳಲಿಲ್ಲ.

ಆ ರಾತ್ರಿ ಹೊಸನಗರದಲ್ಲಿ ನೆಂಟರ ಮನೆಯಲ್ಲಿ ಉಳಿದುಕೊಂಡೆವು. ಊಟವಾದ ಮೇಲೆ ಅಣ್ಣನವರು ಮಲಗಿದರು. ಅತ್ತಿಗೆಯವರು ಜಗಲಿಯಲ್ಲಿ ಕುಳಿತು ಕೋಲಾರದ ದಿನಗಳ ಮಾತೆತ್ತಿದರು. ೧೯೭೯ರಲ್ಲಿ ಮದುವೆಯಾಗಿ ತೀರ್ಥಹಳ್ಳಿಯ ಮಳೆಯಿಂದ ಆ ಬಯಲುಸೀಮೆಯ ಬಿಸಿಲಿಗೆ ಹೋದಾಗ ಅವರಿಗೆ ಇಪ್ಪತ್ತೆರಡು. ಸಂಗಡ ಒಯ್ದುದು ಒಂದು ಭರಣಿ ಮಿಡಿ ಉಪ್ಪಿನಕಾಯಿ, ಒಂದು ಕಟ್ಟು ಹಲಸಿನ ಹಪ್ಪಳ. ಸುತ್ತಮುತ್ತ ತಮಿಳು, ತೆಲುಗು ಮಾತು. ಅಂಗಳದಲ್ಲಿ ನಿಂತರೆ ಚಿನ್ನವನ್ನು ತೆಗೆದುಕೊಂಡ ಮೇಲೆ ಉಳಿದ ಪುಡಿಯ ಬೂದುಬಣ್ಣದ ದಿಬ್ಬಗಳು. ಗಾಳಿ ಎದ್ದರೆ ಆ ಧೂಳು ಒಲೆಯ ಮೇಲಿನ ಅನ್ನಕ್ಕೂ ಬೀಳುತ್ತಿತ್ತು. ಆರು ತಿಂಗಳಲ್ಲಿ ತಮಿಳು ಕಲಿತರು. ಪಕ್ಕದ ಮನೆಯ ತಮಿಳು ಹೆಂಗಸು ಇವರಿಂದ ತಂಬುಳಿ ಮಾಡುವುದನ್ನು ಕಲಿತಳು.

“ಅದೆಲ್ಲ ಕಷ್ಟವಲ್ಲ. ಕಷ್ಟವೆಂದರೆ ಪಾತ್ರೆ ಅಲುಗುವುದು” ಎಂದರು. ನಮಗೆ ಅರ್ಥವಾಗಲಿಲ್ಲ. ಆಳದ ಗಣಿಗಳಲ್ಲಿ ಮೇಲಿನ ಬೆಟ್ಟದ ಭಾರವನ್ನು ಹೊತ್ತ ಬಂಡೆಯು ಒಮ್ಮೊಮ್ಮೆ ತಾನಾಗಿ ಸಿಡಿಯುತ್ತದೆ. ಆಗ ಮೇಲಿನ ಊರಿನ ನೆಲವೂ ನಡುಗುತ್ತದೆ; ಅಡಿಗೆಯ ಮನೆಯ ಹಲಗೆಯ ಮೇಲಿನ ತಂಬಿಗೆ, ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತವೆ. “ಸದ್ದಾದರೆ ಸಾಲಿನ ಹೆಂಗಸರೆಲ್ಲ ಹೊರಗೆ ಬಂದು ನಿಲ್ಲುತ್ತಿದ್ದೆವು. ಯಾರೂ ಮಾತಾಡುತ್ತಿರಲಿಲ್ಲ. ಯಾರ ಯಜಮಾನರು ಮೇಲಿದ್ದಾರೆ, ಯಾರ ಯಜಮಾನರು ಕೆಳಗಿದ್ದಾರೆ ಎಂದು ಎಲ್ಲರಿಗೂ ಗೊತ್ತು. ನಿನ್ನ ಅಣ್ಣ ಮನೆಗೆ ಬಂದ ಮೇಲೂ, ಎಲ್ಲಿ, ಏನು ಎಂದು ನಾನು ಕೇಳುತ್ತಿರಲಿಲ್ಲ, ಅವರೂ ಹೇಳುತ್ತಿರಲಿಲ್ಲ. ಊರಿಗೆ ಬರೆಯುವ ಕಾಗದದಲ್ಲಿ ಕ್ಷೇಮ ಎಂದೇ ಬರೆಯುವುದು.” ಆ ಕಾಗದಗಳನ್ನು ತಂದೆತಾಯಿಯರಿಗೆ ಓದಿ ಹೇಳುತ್ತಿದ್ದವರು ನಾವೇ. ಕ್ಷೇಮವೆಂಬ ಶಬ್ದದ ವ್ಯುತ್ಪತ್ತಿಯನ್ನು ಹೇಳಬಲ್ಲ ನಾವು ಅದರ ಹಿಂದಿನ ತಂಬಿಗೆಯ ಸದ್ದನ್ನು ಒಂದು ದಿನವೂ ಕೇಳಿಸಿಕೊಂಡಿರಲಿಲ್ಲ. ತಾವು ತೀರ್ಥಹಳ್ಳಿಗೆ ಬಂದ ಮೇಲೂ ಬಹುಕಾಲ ಪಾತ್ರೆಗಳ ನಡುವೆ ಬಟ್ಟೆಯ ಚೂರನ್ನು ಇಟ್ಟೇ ಜೋಡಿಸುತ್ತಿದ್ದುದಾಗಿ ಹೇಳಿ ಅತ್ತಿಗೆಯವರು ನಕ್ಕರು.

ಮರುದಿನ ನಗರದ ಕಡೆಗೆ ಹೊರಟೆವು. ಪಶ್ಚಿಮದಲ್ಲಿ ಕೊಡಚಾದ್ರಿಯು ಮಂಜಿನ ಮೇಲೆ ತಲೆಯೆತ್ತಿತ್ತು. ಅದರ ಮೇಲೆ, ಮೂಲ ಮೂಕಾಂಬಿಕೆಯ ಗುಡಿಯ ಮುಂದೆ, ಹಳೆಯ ಕಾಲದ ಒಂದು ಎತ್ತರವಾದ ಕಬ್ಬಿಣದ ಕಂಬವಿದೆ. ಅದನ್ನು ತೋರಿಸಿ ಅಣ್ಣನವರು, ಅದಿರನ್ನು ಕರಗಿಸುವ ವಿದ್ಯೆ ಮಲೆನಾಡಿಗೆ ಹೊಸದಲ್ಲವೆಂದರು. ಭದ್ರಾವತಿಯ ಕಾರ್ಖಾನೆಯು ೧೯೨೩ರಲ್ಲಿ ಕಬ್ಬಿಣವನ್ನು ಕರಗಿಸತೊಡಗಿದಾಗ ಅದಿರು ಕೆಮ್ಮಣ್ಣುಗುಂಡಿಯದು, ಇದ್ದಿಲು ಮಲೆನಾಡಿನ ಕಾಡಿನದು. ಹಾಗೆಂದು ಅವರು ಗಣಿಯನ್ನು ಹಳಿದವರೂ ಅಲ್ಲ. “ನೇಗಿಲ ಗುಳ, ಕೊನೆ ಕೊಯ್ಯುವ ಕತ್ತಿ, ಅಮ್ಮನ ಮೂಗುತಿ ಎಲ್ಲವೂ ಎಲ್ಲೋ ಯಾರೋ ಅಗೆದದ್ದೇ” ಎಂಬುದು ಅವರ ಮಾತು.

ನಗರವೆಂದು ಈಗ ಕರೆಯಿಸಿಕೊಳ್ಳುವ ಈ ಸಣ್ಣ ಊರು ಒಂದು ಕಾಲಕ್ಕೆ ಬಿದನೂರೆಂಬ ರಾಜಧಾನಿಯಾಗಿತ್ತು. ಕೆಳದಿಯ ನಾಯಕರು ಕೆಳದಿಯಿಂದ ಇಕ್ಕೇರಿಗೆ, ಇಕ್ಕೇರಿಯಿಂದ ಇಲ್ಲಿಗೆ ಬಂದು ನೆಲಸಿದರು. ೧೭೬೩ರಲ್ಲಿ ಹೈದರನು ಬಿದನೂರನ್ನು ಹಿಡಿದಾಗ ಅವನಿಗೆ ದೊರೆತ ಸಂಪತ್ತೇ ಅವನ ಮುಂದಿನ ಏಳಿಗೆಗೆ ಬುನಾದಿಯಾಯಿತು. ಕೋಟೆಯ ಪಾಚಿ ಕಟ್ಟಿದ ಗೋಡೆಗಳ ಮೇಲೆ ನಿಂತು ಕೆರೆಯನ್ನು ನೋಡುತ್ತ ನಾವು, ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಗಣಿಗಳನ್ನು ನೋಡಿಕೊಳ್ಳಲು ಆಕರಾಧ್ಯಕ್ಷನೆಂಬ ಅಧಿಕಾರಿಯನ್ನು ಹೇಳಿದೆಯೆಂದೂ, ಬೊಕ್ಕಸಕ್ಕೆ ಗಣಿಯೇ ಮೂಲವೆಂಬುದು ಅವನ ಮತವೆಂದೂ ಅಣ್ಣನವರಿಗೆ ತಿಳಿಸಿದೆವು. ಕಲಿತ ವಿದ್ಯೆಯನ್ನು ತೋರಿಸುವ ಚಾಪಲ್ಯವು ನಿವೃತ್ತರಾದರೂ ಮೇಷ್ಟರನ್ನು ಬಿಡದು. ಅಣ್ಣನವರು, “ಈ ಬಿದನೂರಿನ ಚಿನ್ನ ಯಾವ ಗಣಿಯದು?” ಎಂದು ಕೇಳಿದರು. ಇಲ್ಲಿ ಗಣಿಯಿರಲಿಲ್ಲ; ಮೆಣಸು, ಅಡಿಕೆ, ಅಕ್ಕಿಗಳು ಘಟ್ಟವನ್ನಿಳಿದು ಸಮುದ್ರಕ್ಕೆ ಹೋಗಿ ಚಿನ್ನವಾಗಿ ಹಿಂದಿರುಗುತ್ತಿದ್ದುವು ಎಂದೆವು. “ಹಾಗಾದರೆ ಅದು ವರ್ಷ ವರ್ಷವೂ ಬರುವ ಚಿನ್ನ” ಎಂದು ಅವರು ಅಲ್ಲಿಯೇ ಒಂದು ಕಲ್ಲಿನ ಮೇಲೆ ಕುಳಿತರು. ಗಣಿಯ ವಿಷಯವನ್ನು ಅವರು ನಮ್ಮೊಡನೆ ಬಿಚ್ಚಿ ಮಾತಾಡಿದ್ದು ಜೀವಮಾನದಲ್ಲಿ ಅದೇ ಮೊದಲು.

ಜಾನ್ ಟೇಲರ್ ಕಂಪನಿಯವರು ೧೮೮೦ರಲ್ಲಿ ಆರಂಭಿಸಿದ ಆ ಗಣಿಗಳಿಂದ ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು ೮೦೦ ಟನ್ನು ಚಿನ್ನ ಹೊರಟಿತು. ೧೯೦೨ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಮೊದಲು ಹರಿದದ್ದು ಬೆಂಗಳೂರಿಗಲ್ಲ, ಅಲ್ಲಿಗೆ. ೧೯೫೬ರಲ್ಲಿ ಗಣಿಗಳು ಸರಕಾರದ್ದಾದುವು. ಚಾಂಪಿಯನ್ ರೀಫ್ ಗಣಿಯ ಆಳವು ೩,೨೦೦ ಮೀಟರುಗಳ ಸಮೀಪ. ನಮ್ಮ ಜೋಗದಂತಹ ಹನ್ನೆರಡು ಜಲಪಾತಗಳನ್ನು ಒಂದರ ಕೆಳಗೊಂದು ಇಟ್ಟರೂ ತಳ ಮುಟ್ಟದು. ಅಷ್ಟು ಕೆಳಗೆ ಬಂಡೆಯೇ ೬೦ ಡಿಗ್ರಿಗೂ ಮೀರಿ ಸುಡುತ್ತಿರುತ್ತದೆ. ಮೇಲಿನಿಂದ ತಣ್ಣನೆಯ ಗಾಳಿಯನ್ನು ಊದದಿದ್ದರೆ ಮನುಷ್ಯನು ನಿಲ್ಲಲಾರನು. ೧೯೬೫ರಲ್ಲಿ ವಿಜ್ಞಾನಿಗಳು ಅಲ್ಲಿ ಉಪಕರಣಗಳನ್ನಿಟ್ಟು, ಆಕಾಶದಿಂದ ಬಂದು ಭೂಮಿಯನ್ನು ತೂರಿಹೋಗುವ ನ್ಯೂಟ್ರಿನೋ ಎಂಬ ಅತಿಸೂಕ್ಷ್ಮ ಕಣಗಳ ಸುಳಿವನ್ನು ಕಂಡರು. “ನಮ್ಮ ಮನೆಯನ್ನು ಮುಳುಗಿಸಿದ ನೀರೇ ನಾಡಿನ ತಂತಿಯಲ್ಲೆಲ್ಲ ಹರಿಯುತ್ತಿತ್ತಲ್ಲ. ಪಂಜರದಲ್ಲಿ ನಿಂತು ಕೆಳಗೆ ಇಳಿಯುವಾಗ, ಶರಾವತಿಯೇ ಇಳಿಸುತ್ತಿದ್ದಾಳೆ ಎಂದುಕೊಳ್ಳುತ್ತಿದ್ದೆ” ಎಂದರು.

ಅವರ ಕೆಲಸ ಗಣಿಯ ನಕ್ಷೆಯದು. ಎಷ್ಟು ಅಗೆದಾಯಿತು, ಎಲ್ಲಿ ಅಗೆದಾಯಿತು, ಮುಂದೆ ಎಲ್ಲಿ ಎಂಬುದನ್ನು ಅಳೆದು ಬರೆಯುವುದು. “ಮೊದಲ ವರ್ಷವೇ ನನಗೆ ಒಂದು ಸಂಗತಿ ಆಶ್ಚರ್ಯವಾಯಿತು. ಇಳಿಯುವ ಬಾವಿಯ ಸುತ್ತ ಒಳ್ಳೆಯ ಅದಿರು ಇದ್ದರೂ ಅದನ್ನು ಮುಟ್ಟುವುದಿಲ್ಲ. ಕಂಬವಾಗಿ ಬಿಡುತ್ತಾರೆ. ಅದರಲ್ಲಿ ಚಿನ್ನ ಇದೆ ಎಂದು ಎಲ್ಲರಿಗೂ ಗೊತ್ತು. ಆದರೆ ಅದನ್ನು ತೆಗೆದರೆ ಬಾವಿಯೇ ಕುಸಿದು, ಕೆಳಗಿದ್ದವರು ಮೇಲೆ ಬರುವುದಕ್ಕೆ ದಾರಿಯಿಲ್ಲ. ಖಾಲಿಯಾದ ಕಡೆ ಕಗ್ಗಲ್ಲನ್ನು ಕಟ್ಟಿ ತುಂಬುತ್ತಿದ್ದೆವು. ಹಾಗೆ ತುಂಬಿದ್ದು ಬಿಟ್ಟ ಕಂಬಕ್ಕೆ ಸಮನಲ್ಲ. ನಕ್ಷೆಯಲ್ಲಿ ಆ ಕಂಬದ ಸುತ್ತ ಗೆರೆ ಎಳೆಯುವುದು ನಮ್ಮ ಕೆಲಸ. ಅಗೆಯುವುದು ಯಾರೂ ಕಲಿಯಬಹುದು. ಎಲ್ಲಿ ಬಿಡಬೇಕು ಎಂಬುದಕ್ಕೇ ನನಗೆ ಸಂಬಳ ಕೊಟ್ಟದ್ದು.” ಇಷ್ಟು ಹೇಳಿ ಎದ್ದರು. ಕರಾರುಪತ್ರದ ಮಾತು ಆಗಲೂ ಬರಲಿಲ್ಲ.

ಕವಲೇದುರ್ಗದ ಕಾಡುಗಳನ್ನು ಬಳಸಿ ಸಂಜೆಯ ಹೊತ್ತಿಗೆ ತೀರ್ಥಹಳ್ಳಿಯನ್ನು ಮುಟ್ಟಿದೆವು. ಎಳ್ಳಮಾವಾಸ್ಯೆಯ ಜಾತ್ರೆಯಲ್ಲಿ ಸಾವಿರಾರು ಜನರು ಮೀಯುವ ತುಂಗೆಯ ಬಂಡೆಗಳು ವೈಶಾಖದಲ್ಲಿ ಬರಿದಾಗಿ, ನಡುವೆ ತಿಳಿನೀರು ಹರಿಯುತ್ತಿತ್ತು. ತುಂಗಭದ್ರೆಯರ ಮೂಲಕ್ಕೆ ಹತ್ತಿರವಾದ ಕುದುರೆಮುಖದಲ್ಲಿಯೂ ಕಬ್ಬಿಣದ ಅದಿರಿನ ದೊಡ್ಡ ಗಣಿಯೊಂದು ನಡೆದು, ೨೦೦೫ರ ಕೊನೆಗೆ ನಿಂತುಹೋದುದನ್ನು ವಾಚಕರು ಬಲ್ಲರು. ಗಣಿ ನಿಂತರೆ ಊರೂ ನಿಲ್ಲುತ್ತದೆ. ಕೋಲಾರದ ಗಣಿ ಮುಚ್ಚಿದ ದಿನ ಇನ್ನೂ ಓದುತ್ತಿದ್ದ ಮಕ್ಕಳನ್ನು ಕಟ್ಟಿಕೊಂಡು ಕುಳಿತ ಮನೆಗಳನ್ನು ಅತ್ತಿಗೆಯವರು ಒಂದೊಂದಾಗಿ ನೆನೆದರು. ಅವರ ಮನೆಯೂ ಅಂತಹುದೊಂದು.

ರಾತ್ರಿ ದೀಪದ ಕೆಳಗೆ ಅಣ್ಣನವರು ಪತ್ರವನ್ನು ಕೇಳಿ ತೆಗೆದುಕೊಂಡರು. ಕನ್ನಡಕವನ್ನು ಹಾಕಿಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದರು. ಬಳಿಕ ಅದನ್ನು ಮಗುಚಿ, ಬೆನ್ನಿನ ಬಿಳಿಯ ಹಾಳೆಯ ಮೇಲೆ ಸೀಸದ ಕಡ್ಡಿಯಿಂದ ನಮ್ಮ ಬ್ಯಾಣವನ್ನು ಹಲಸಿನ ಹಣ್ಣನ್ನು ಸೀಳಿದಂತೆ ಸೀಳಿ ಬರೆದರು. ಮೇಲೆ ಹುಲ್ಲು. ಅದರ ಕೆಳಗೆ ಜಂಬಿಟ್ಟಿಗೆ. ೧೮೦೧ರಲ್ಲಿ ನಮ್ಮ ಸೀಮೆಯನ್ನೂ ಸುತ್ತಿಹೋದ ಬುಕಾನನ್ ಎಂಬ ವೈದ್ಯನು ಮಲಬಾರಿನಲ್ಲಿ ಈ ಕಲ್ಲನ್ನು ಕಂಡು, ಇಟ್ಟಿಗೆಯೆಂದು ಅರ್ಥವಾಗುವ ಲ್ಯಾಟಿನ್ ಶಬ್ದದಿಂದ ಅದಕ್ಕೆ ಲ್ಯಾಟರೈಟ್ ಎಂದು ೧೮೦೭ರ ಗ್ರಂಥದಲ್ಲಿ ಹೆಸರಿಟ್ಟನು; ನಮ್ಮವರ ಹೆಸರಿನಲ್ಲಿಯೂ ಇಟ್ಟಿಗೆಯೇ ಇದೆ. ನೆಲದಲ್ಲಿರುವಾಗ ಮೆತ್ತಗಿದ್ದು, ಕೊಯ್ದು ಗಾಳಿಗಿಟ್ಟರೆ ಗಟ್ಟಿಯಾಗುವ ಈ ಕಲ್ಲಿನ ತುಂಬ ಸಣ್ಣ ಸಣ್ಣ ತೂತುಗಳು. ಅದರ ಕೆಳಗೆ ನೀರನ್ನು ಬಿಡದ ಶೇಡಿ ಮಣ್ಣು. “ಮಳೆಗಾಲದ ನೀರೆಲ್ಲ ಈ ಕಲ್ಲು ಕುಡಿಯುತ್ತದೆ. ಶೇಡಿಯ ಮೇಲೆ ಬಂದು ನಿಂತು ಮೆಲ್ಲಗೆ ಜಾರುತ್ತದೆ. ಇಲ್ಲಿ ಹೊರಬಿದ್ದದ್ದೇ ನಿನ್ನ ಅಬ್ಬಿ” ಎಂದು ಒಂದು ಬಾಣದ ಗುರುತನ್ನು ಹಾಕಿದರು. “ಕಲ್ಲು ಕೊಯ್ದು ಒಯ್ದರೆ ಉಳಿಯುವುದು ಹೊಂಡ. ಆಷಾಢದಲ್ಲಿ ಕೆರೆಯ ಹಾಗೆ ತುಂಬುತ್ತದೆ, ಕೆಸರು ತೋಟಕ್ಕೆ ಇಳಿಯುತ್ತದೆ. ವೈಶಾಖಕ್ಕೆ ಅಬ್ಬಿ ಇರುವುದಿಲ್ಲ. ಮನೆ ಕಟ್ಟುವುದಕ್ಕೆ ನಾಲ್ಕು ಕಲ್ಲು ತೆಗೆಯುವುದು ಬೇರೆ. ಇದು ಬಾವಿಯ ಕಂಬ ತೆಗೆದ ಹಾಗೆ.”

ಆದರೆ ರುಜು ಹಾಕುವುದಿಲ್ಲವೆಂದು ಅವರು ಹೇಳಲಿಲ್ಲ. “ತೋಟ ನೋಡಿಕೊಂಡವರು ನೀವು, ಸಾಲ ಹೊತ್ತವನು ನಿನ್ನ ಮಗ. ದೂರದಲ್ಲಿದ್ದು ದುಡ್ಡು ಕಳುಹಿಸಿದವನು ಬೇಡ ಎನ್ನುವುದು ಸುಲಭ. ನೀನು ಹಾಕು ಎಂದರೆ ಈಗಲೇ ಹಾಕುತ್ತೇನೆ” ಎಂದು ಲೇಖನಿಯನ್ನು ತೆರೆದಿಟ್ಟರು. ನಾವು ಬೆಳಗ್ಗೆ ಹೇಳುವೆವೆಂದು ಪತ್ರವನ್ನು ಮಡಿಸಿ ಚೀಲದಲ್ಲಿಟ್ಟೆವು. ಆ ರಾತ್ರಿ ನಿದ್ರೆ ಬರಲಿಲ್ಲ. ಮಗನ ಮುಖವು ಕಣ್ಣಿಗೆ ಕಟ್ಟುತ್ತಿತ್ತು. ತೋಟವೇ ಒಣಗುತ್ತಿರುವಾಗ ಅಬ್ಬಿಯ ನೀರು ಯಾರಿಗೆ ಎಂದು ಅವನು ಕೇಳಿದರೆ ಏನು ಹೇಳುವುದು?

ಮೂರನೆಯ ದಿನ ಅಂಬುತೀರ್ಥಕ್ಕೆ ಹೋದೆವು. ಶರಾವತಿಯು ಹುಟ್ಟುವುದು ತೀರ್ಥಹಳ್ಳಿಯ ತಾಲ್ಲೂಕಿನ ಈ ಸ್ಥಳದಲ್ಲಿ. ಸೀತೆಯ ಬಾಯಾರಿಕೆಗಾಗಿ ಶ್ರೀರಾಮನು ಶರವನ್ನು ನೆಲಕ್ಕೆ ಬಿಟ್ಟನೆಂದೂ, ಶರದಿಂದ ಹೊರಟವಳು ಶರಾವತಿಯೆಂದೂ ಸ್ಥಳಪುರಾಣ. ಮರಗಳ ನೆರಳು, ಒಂದು ಗುಡಿ, ಒಂದು ಕೊಳ. ಕೊಳದಿಂದ ಹೊರಡುವ ನೀರು ಒಂದು ಮಗುವು ದಾಟಬಹುದಾದಷ್ಟು. ೧೨೮ ಕಿಲೋಮೀಟರು ಹರಿದು, ಹೊಸನಗರವನ್ನು ಬಳಸಿ, ನಮ್ಮ ಮನೆಯನ್ನು ಮುಳುಗಿಸಿ, ಸಾಗರದ ಸೀಮೆಯಲ್ಲಿ ಜೋಗವನ್ನು ಧುಮುಕಿ, ಶರಾವತಿ ವಿದ್ಯುದಾಗಾರದಲ್ಲಿ ೧,೦೩೫ ಮೆಗಾವ್ಯಾಟಿನ ಯಂತ್ರಗಳನ್ನು ತಿರುಗಿಸಿ, ಹೊನ್ನಾವರದಲ್ಲಿ ಸಮುದ್ರವನ್ನು ಸೇರುವ ನದಿಯು ಇದೇ ಎಂದರೆ ನಂಬುವುದು ಕಷ್ಟ. ಅತ್ತಿಗೆಯವರು ಬಾಗಿ ಬೊಗಸೆಯಲ್ಲಿ ನೀರನ್ನೆತ್ತಿ ಕಣ್ಣಿಗೊತ್ತಿಕೊಂಡರು. ಅಮರಕೋಶದಲ್ಲಿ ಭೂಮಿಗೆ ವಸುಂಧರೆ, ರತ್ನಗರ್ಭೆ ಎಂಬ ಹೆಸರುಗಳ ಸಂಗಡ ಕ್ಷಮೆ ಎಂಬ ಹೆಸರೂ ಇದೆ. ಎಷ್ಟೋ ವರ್ಷ ಮಕ್ಕಳಿಗೆ ಅದನ್ನು ಬಾಯಿಪಾಠ ಮಾಡಿಸಿದೆವು. ಒಳಗೆ ನಿಧಿಯಿದ್ದೂ ತಾಳಿಕೊಂಡಿರುವಳು ಎಂಬ ಎರಡು ಅರ್ಥಗಳೂ ಒಂದೇ ಜೀವಕ್ಕೆ ಹೇಗೆ ಸಲ್ಲುವುವೆಂದು ಆ ಕೊಳದ ಮೆಟ್ಟಿಲಿನ ಮೇಲೆ ಅಣ್ಣನವರ ಪಕ್ಕದಲ್ಲಿ ಕುಳಿತಾಗ ನಮಗೆ ಹೊಳೆಯಿತು. “ರುಜು ಬೇಡ ಅಣ್ಣಾ” ಎಂದೆವು. ಅವರು ತಲೆಯಾಡಿಸಿದರು, ಅಷ್ಟೇ.

ಮನೆಗೆ ಬಂದು ಮಗನಿಗೆ ತಿಳಿಸುವುದು ಸುಲಭವಾಗಲಿಲ್ಲ. ನಿವೃತ್ತಿಯಲ್ಲಿ ಬಂದ ಹಣದಲ್ಲಿ ಸಾಲದ ಅರ್ಧವು ತೀರಬಹುದೆಂದು ಹೇಳಿದೆವು. ಉಳಿದ ಅರ್ಧಕ್ಕೆ ಉತ್ತರವಿರಲಿಲ್ಲ. ಅವನು ಮೂರು ದಿನ ನಮ್ಮೊಡನೆ ಮಾತಾಡಲಿಲ್ಲ. ನಮ್ಮ ಮನೆಯವರೂ ಸೊಸೆಯೂ ಮಾತಿಲ್ಲದೆ ಬಡಿಸಿದರು. ನಾಲ್ಕನೆಯ ದಿನ ಮುಂಗಾರಿನ ಮೊದಲ ದೊಡ್ಡ ಮಳೆ ಬಂದಿತು. ಮಗನು ಜಗಲಿಗೆ ಬಂದು, ಪತ್ರ ಎಲ್ಲಿ ಎಂದು ಕೇಳಿದನು. ಕೊಟ್ಟೆವು. ಅವನು ಅದನ್ನು ಮಗುಚಿ, ಸೀಸದ ಕಡ್ಡಿಯ ಆ ಚಿತ್ರವನ್ನು ಬಹಳ ಹೊತ್ತು ನೋಡಿದನು. ಹುಲ್ಲು, ಕಲ್ಲು, ಶೇಡಿ, ಬಾಣದ ಗುರುತು.

“ದೊಡ್ಡಪ್ಪ ಬರೆದದ್ದೇ?” ಎಂದನು.

ಹೌದೆಂದೆವು. ಅವನು ಪತ್ರವನ್ನು ಹಿಂದಿರುಗಿಸಲಿಲ್ಲ. ತಲೆಗೆ ಕಂಬಳಿಯ ಕೊಪ್ಪೆಯನ್ನು ಹಾಕಿಕೊಂಡು, ಅದನ್ನು ಅಂಗಿಯೊಳಗೆ ನೆನೆಯದಂತೆ ಇಟ್ಟು, ಮಳೆಯಲ್ಲಿಯೇ ಬ್ಯಾಣದ ಕಡೆಗೆ ಹತ್ತಿದನು.